ಹಳೆ ದಂಡಿನ ನಕ್ಷೆಗಳನ್ನು ದೊಡ್ಡದಾಗಿ ಪ್ರಿಂಟ್ ಮಾಡಿಸಬೇಕಾ? ಕಾರವಾರದ ಈ ಅಂಗಡಿಗೆ ಹೋಗಿ

ಹಳೆ ನಕ್ಷೆ, ಕಟ್ಟಡದ ಹಳೆ ಡ್ರಾಯಿಂಗ್ ಇಂಥದ್ದನ್ನು ಗೋಡೆಗೆ ಹಾಕುವಷ್ಟು ದೊಡ್ಡದಾಗಿ ಪ್ರಿಂಟ್ ಮಾಡಿಸಬೇಕು ಅಂತಿದ್ದರೆ ಗೋವಾಕ್ಕೋ ಹುಬ್ಬಳ್ಳಿಗೋ ಓಡಬೇಡಿ. ಕಾರವಾರದಲ್ಲೇ ಕೆಲಸ ಗೊತ್ತಿರುವ ಅಂಗಡಿ ಇದೆ. ಬಸ್ ಸ್ಟ್ಯಾಂಡಿನಿಂದ ಮಾರ್ಕೆಟ್ ಕಡೆ ನಡೆಯುತ್ತಾ ಹೋದರೆ ಮಹಡಿ ಮೇಲೆ ಸಿಗುತ್ತದೆ. ಬೋರ್ಡಿನಲ್ಲಿ ಅಂಗಡಿಯ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ ‘ಜೆರಾಕ್ಸ್, ಫ್ಲೆಕ್ಸ್, ಪ್ಲಾಟರ್ ಪ್ರಿಂಟ್’ ಎಂದಿದೆ. ಪ್ಲಾಟರ್ ಅಂದರೆ ದೊಡ್ಡ ಹಾಳೆಗೆ ಪ್ರಿಂಟ್ ಹೊಡೆಯುವ ಯಂತ್ರ. ಜಾಸ್ತಿ ಬರುವವರು ಎಂಜಿನಿಯರುಗಳು, ಕಾಂಟ್ರಾಕ್ಟರುಗಳು, ಮನೆ ಕಟ್ಟಿಸುವವರು. ಇಡೀ ದಿನ ಪ್ಲಾನ್ ನೋಡಿ ನೋಡಿ ಅಲ್ಲಿಯವರ ಕಣ್ಣು ಪಳಗಿದೆ. ಅದು ನನ್ನ ಕೆಲಸಕ್ಕೆ ಎಷ್ಟು ಉಪಯೋಗ ಆಯಿತು ಅಂತ ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಈ ಸಲ ಶಾಲೆಯ ವಸ್ತುಪ್ರದರ್ಶನಕ್ಕೆ ಬ್ರಿಟಿಷರ ಕಾಲದ ದಂಡುಗಳ, ಅಂದರೆ ಸೈನ್ಯ ನೆಲೆ ನಿಂತ ಕಂಟೋನ್ಮೆಂಟುಗಳ ವಿಷಯ ತೆಗೆದುಕೊಂಡೆವು. ಸೈನ್ಯವನ್ನು ಒಂದು ಕಡೆಯಿಂದ ಎಬ್ಬಿಸಿ ಇನ್ನೊಂದು ಕಡೆ ಯಾಕೆ ಕೂರಿಸಿದರು, ಜಾಗ ಹೇಗೆ ಆರಿಸಿದರು, ಸೈನಿಕರು ಉಳಿಯುವ ಬ್ಯಾರಕ್ ಹೇಗೆ ಕಟ್ಟಿದರು, ಆಮೇಲೆ ಅದು ಬೆಳೆಯುತ್ತಾ ಹೋದಾಗ ಸುತ್ತಲಿನ ಊರುಗಳಿಗೆ ಏನಾಯಿತು. ಕಾರವಾರದ ಮಕ್ಕಳಿಗೆ ಇದು ದೂರದ ವಿಷಯ ಅಲ್ವೇ ಅಲ್ಲ. ಇಲ್ಲಿ ನೌಕಾನೆಲೆ ಕಟ್ಟುವ ಸೀಬರ್ಡ್ ಯೋಜನೆಗೆ 1986ರಲ್ಲಿ ರಾಜೀವ್ ಗಾಂಧಿ ಅಡಿಗಲ್ಲು ಹಾಕಿದರು, 2005ರಲ್ಲಿ ಆ ನೆಲೆ ಐಎನ್‌ಎಸ್ ಕದಂಬ ಶುರುವಾಯಿತು, ನಡುವೆ ಕಾರವಾರ ಮತ್ತು ಅಂಕೋಲಾ ತಾಲೂಕಿನ ಎಷ್ಟೋ ಕುಟುಂಬಗಳು ಮನೆ, ಗದ್ದೆ, ದೋಣಿ ಕಟ್ಟುವ ಜಾಗ ಎಲ್ಲ ಬಿಟ್ಟು ಪುನರ್ವಸತಿ ಕಾಲೊನಿಗಳಿಗೆ ಬಂದವು. ನನ್ನ ಕ್ಲಾಸಿನಲ್ಲಿ ಒಂದು ಬೆಂಚಿನಲ್ಲಿ ಆ ಮನೆಗಳ ಮಕ್ಕಳು ಕೂರುತ್ತಾರೆ, ಪಕ್ಕದ ಬೆಂಚಿನಲ್ಲಿ ನೇವಿಯಲ್ಲಿ ಕೆಲಸ ಮಾಡುವವರ ಮಕ್ಕಳು.

ಹಾಗಾಗಿ ನನಗೆ ಬೇಕಾಗಿದ್ದದ್ದು ಬ್ಯಾರಕ್ಕಿನ ಚಂದದ ಚಿತ್ರ ಅಲ್ಲ. ಬ್ಯಾರಕ್ ಬರುವ ಮೊದಲು ಅಲ್ಲಿ ಏನಿತ್ತು ಅಂತಲೂ ಓದಲು ಬರುವ ನಕ್ಷೆ ಬೇಕಿತ್ತು.

ಮುಖ್ಯ ನಕ್ಷೆ ಬೆಂಗಳೂರು ದಂಡಿನದು, 19ನೇ ಶತಮಾನದ್ದರ ಸ್ಕ್ಯಾನ್. ಅದರ ಕಥೆ ಗೊತ್ತಿದ್ದವರಿಗೂ ಒಮ್ಮೆ ಹೇಳುತ್ತೇನೆ, ಯಾಕೆಂದರೆ ಪ್ರಿಂಟ್ ಯಾಕೆ ಅಷ್ಟು ಮುಖ್ಯ ಅಂತ ಆಗಲೇ ತಿಳಿಯುತ್ತದೆ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಬ್ರಿಟಿಷ್ ಪಡೆ ಶ್ರೀರಂಗಪಟ್ಟಣದಲ್ಲೇ ನಿಂತಿತು. ಸುತ್ತ ಕಾವೇರಿ, ಆಚೆ ನಾಲೆ, ಗದ್ದೆ. ಜ್ವರ ಬಿಡಲಿಲ್ಲ. ಸೈನಿಕರು ಸಾಯುತ್ತಲೇ ಹೋದರು. ಕೊನೆಗೆ 1809ರಲ್ಲಿ ದಂಡನ್ನು ಬೆಂಗಳೂರಿಗೆ ತಂದರು. ಎತ್ತರದ ಜಾಗ, ತಂಪು ಹವೆ, ಒಣ ನೆಲ, ಪಕ್ಕದಲ್ಲಿ ಹಲಸೂರು ಕೆರೆ. ಮದ್ರಾಸ್ ಎಂಜಿನಿಯರ್ಸ್‌ನ ಜಾನ್ ಬ್ಲಾಕಿಸ್ಟನ್ ನಕ್ಷೆ ಹಾಕಿದ. ಕೆಟ್ಟ ಗಾಳಿಯಿಂದ ಜ್ವರ ಬರುತ್ತದೆ ಅಂತ ಆ ಕಾಲದವರು ನಂಬಿದ್ದರು. ಸೊಳ್ಳೆಯಿಂದ ಮಲೇರಿಯಾ ಅಂತ ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಕಂಡುಕೊಂಡದ್ದು 1897ರಲ್ಲಿ. ಕಾರಣ ತಪ್ಪಿದ್ದರೂ ಜೌಗು ಬಿಟ್ಟು ಎತ್ತರಕ್ಕೆ ಹೋದದ್ದು ಸರಿಯೇ ಆಯಿತು.

ಇನ್ನು ನಕ್ಷೆಯಲ್ಲಿ ಏನೇನಿದೆ? ನಡುವೆ ಉದ್ದಕ್ಕೆ ಪರೇಡ್ ಮೈದಾನ. ಅದರ ದಕ್ಷಿಣದ ಸೌತ್ ಪರೇಡ್ ರಸ್ತೆಯೇ ಈಗಿನ ಎಂಜಿ ರೋಡ್. ಇನ್‌ಫೆಂಟ್ರಿ ರೋಡ್, ಬ್ರಿಗೇಡ್ ರೋಡ್, ಈಗ ಕಾಮರಾಜ್ ರಸ್ತೆ ಆಗಿರುವ ಕ್ಯಾವಲ್ರಿ ರೋಡ್, ಇವೆಲ್ಲ ಯಾವ ಪಡೆ ಎಲ್ಲಿ ಅಂತ ಹೇಳುವ ಹೆಸರುಗಳೇ. ಬ್ಯಾರಕ್‌ಗಳು ಕೆಂಪು ಬಣ್ಣದ ಉದ್ದನೆ ಪಟ್ಟಿಗಳು. ಅಧಿಕಾರಿಗಳ ಬಂಗಲೆಗಳು ದೊಡ್ಡ ದೊಡ್ಡ ಕಾಂಪೌಂಡಿನಲ್ಲಿ ಬಿಡಿ ಬಿಡಿಯಾಗಿ. ಸಿಪಾಯಿಗಳ ಲೈನ್ ದೂರದಲ್ಲಿ, ಒತ್ತೊತ್ತಾಗಿ ಸಾಲು ಗುಡಿಸಲು. ಬಜಾರ್ ಇನ್ನೊಂದು ಕಡೆ. ಇದೆಲ್ಲ ಗಾಢ ಬಣ್ಣದಲ್ಲಿದೆ, ಯಾವ ಜೆರಾಕ್ಸ್ ಅಂಗಡಿಯಲ್ಲಿ ಕೊಟ್ಟರೂ ಬರುತ್ತದೆ. ಆದರೆ ಅದರ ಅಡಿಗೆ ಇನ್ನೊಂದು ಪದರ ಇದೆ. ಸಣ್ಣ ಕೆರೆಗಳು, ಕೆರೆ ಏರಿಯ ಗೀಟು, ತೋಟ, ಗದ್ದೆಯ ಬದು, ಒಂದೊಂದು ಹಳ್ಳಿಯ ಹೆಸರು, ಹಳ್ಳಿಯಿಂದ ಹಳ್ಳಿಗೆ ಹೋಗುವ ಕಾಲುದಾರಿ. ಇವೆಲ್ಲ ಮಾಸಿದ ತೆಳು ಬಣ್ಣದಲ್ಲಿವೆ. ಕಾಲುದಾರಿಯಂತೂ ಚುಕ್ಕಿ ಚುಕ್ಕಿ, ಹಳದಿ ಬಿದ್ದ ಕಾಗದದಲ್ಲಿ ಕಂಡೂ ಕಾಣದ ಹಾಗೆ.

ಮೊದಲು ಇನ್ನೊಂದು ಕಡೆ ಕೊಟ್ಟಿದ್ದೆ. ಯಾವ ಊರು, ಯಾವ ಅಂಗಡಿ ಬೇಡ. ಅವರು ಫೈಲ್ ತೆರೆದವರೇ ‘ಕ್ಲೀನ್ ಮಾಡಿ ಕೊಡ್ತೇವೆ’ ಅಂದರು. ಕೈಗೆ ಬಂದ ಪ್ರಿಂಟ್ ಬೆಳ್ಳಗೆ ಹೊಳೆಯುತ್ತಿತ್ತು. ಹಳದಿ ಕಾಗದ ಬಿಳಿ ಮಾಡುವುದಕ್ಕೆ ಕಾಂಟ್ರಾಸ್ಟ್ ಏರಿಸಿದ್ದರು, ಅದರ ಜೊತೆಗೇ ತೆಳು ಬಣ್ಣದ್ದೆಲ್ಲ ಹೋಗಿತ್ತು. ಬ್ಯಾರಕ್ ಇದೆ, ರಸ್ತೆ ಇದೆ, ಚರ್ಚ್ ಇದೆ. ಹಳ್ಳಿ ಇಲ್ಲ. ಕೆರೆ ಇದ್ದ ಜಾಗದಲ್ಲಿ ಬಿಳಿ ಕಾಗದ. ಆ ನಕ್ಷೆಯನ್ನು ಹಾಗೇ ಗೋಡೆಗೆ ಹಾಕಿದ್ದರೆ ದಂಡು ಬರುವ ಮೊದಲು ಅಲ್ಲಿ ಏನೂ ಇರಲಿಲ್ಲ ಅಂತ ಮಕ್ಕಳಿಗೆ ನಾವೇ ಸುಳ್ಳು ಹೇಳಿದ ಹಾಗಾಗುತ್ತಿತ್ತು. ನನಗೆ ನಿಜಕ್ಕೂ ಸಿಟ್ಟು ಬಂತು.

ಕಾರವಾರದ ಅಂಗಡಿಯಲ್ಲಿ ಕಂಪ್ಯೂಟರ್ ಮುಂದೆ ಕೂರುವ ಹುಡುಗಿ ಅದೇ ಫೈಲನ್ನು ಪೂರ್ತಿ ದೊಡ್ಡದು ಮಾಡಿ, ಒಂದು ಮೂಲೆಯಿಂದ ನಿಧಾನಕ್ಕೆ ಸರಿಸುತ್ತಾ ಹೋದಳು. ಒಂದು ಕಡೆ ನಿಲ್ಲಿಸಿ, “ಅಕ್ಕೋರೇ, ಇಲ್ಲಿ ಕೆಂಪಿನ ಅಡಿಗೆ ಏನೋ ಹೆಸರು ಬರೆದದ್ದು ಇದೆ. ಇದೂ ಬೇಕಲ್ಲ? ಜಾಸ್ತಿ ಬಿಳಿ ಮಾಡಿದ್ರೆ ಹೋಗ್ತದೆ” ಅಂದಳು. ನಾನು ಬಾಯಿ ಬಿಡುವ ಮೊದಲೇ! ಅಲ್ಲಿಗೆ ಅರ್ಧ ಕೆಲಸ ಆದ ಹಾಗೆ ಅನ್ನಿಸಿತು. “ಹೌದು ತಂಗಿ, ಅದೇ ಬೇಕು” ಅಂದೆ. ಆಮೇಲೆ ಅವಳು ಮಾಡಿದ್ದು ಹೀಗೆ. ಇಡೀ ನಕ್ಷೆಗೆ ಒಂದೇ ಸಲ ಕಾಂಟ್ರಾಸ್ಟ್ ಕೊಡಲಿಲ್ಲ. ಕಾಗದದ ಹಳದಿಯನ್ನು ಸ್ವಲ್ಪ ಮಾತ್ರ ಇಳಿಸಿದಳು, ತೆಳು ಕಂದು ಮತ್ತು ಹಸಿರನ್ನು ಬೇರೆಯಾಗಿ ಹಿಡಿದು ಸ್ವಲ್ಪ ಏರಿಸಿದಳು, ಕೆಂಪನ್ನು ಮುಟ್ಟಲೇ ಇಲ್ಲ. ನಂತರ ಪೂರ್ತಿ ಹಾಳೆ ಹೊಡೆಯದೆ ಎರಡು ಕಡೆಯ ತುಂಡುಗಳನ್ನು ಮಾತ್ರ ಎ4 ಸೈಜಿನಲ್ಲಿ, ಪ್ರಿಂಟಿನಲ್ಲಿ ಎಷ್ಟು ದೊಡ್ಡದು ಬರಬೇಕೋ ಅಷ್ಟೇ ಅಳತೆಯಲ್ಲಿ ತೆಗೆದುಕೊಟ್ಟಳು. ಒಂದು ಕೆರೆಯ ಏರಿಯದು, ಇನ್ನೊಂದು ಸಿಪಾಯಿ ಲೈನಿನದು. ಬಾಗಿಲ ಹತ್ತಿರ ಬೆಳಕಿಗೆ ಹಿಡಿದು ನೋಡಿದೆವು. ಕಾಲುದಾರಿಯ ಚುಕ್ಕಿಗಳು ಒಂದೊಂದೂ ಬಿಡಿಯಾಗಿ ಕಾಣುತ್ತಿದ್ದವು. ಕೆರೆ ಏರಿಯ ಎರಡೂ ಬದಿಯ ಸಣ್ಣ ಗೀಟುಗಳು ಒಂದಕ್ಕೊಂದು ಅಂಟಿರಲಿಲ್ಲ. ಈ ತುಂಡು ಪ್ರೂಫಿಗೆ ಅವರು ದುಡ್ಡು ತೆಗೆದುಕೊಳ್ಳಲಿಲ್ಲ.

ಎರಡನೆಯ ವಿಷಯ ಅಳತೆ. ಪೋಸ್ಟರ್ ಹೊಡೆಯುವ ಅಂಗಡಿಗಳಲ್ಲಿ ‘ಫಿಟ್ ಟು ಪೇಜ್’ ಒತ್ತಿ ಹಾಳೆ ತುಂಬುವ ಹಾಗೆ ಎಳೆಯುವುದು ಅಭ್ಯಾಸ. ಫೋಟೋ ಆದರೆ ಸುಮ್ನೆ ಬಿಡಬಹುದು. ನಕ್ಷೆ ಒಂದು ಕಡೆಗೆ ಹಿಗ್ಗಿದರೆ ಅಳತೆಯೇ ಕೆಟ್ಟಿತು. ಇಲ್ಲಿ ಮಾಲೀಕರೇ ಬಂದು, ನಕ್ಷೆಯ ಕೆಳಗಿದ್ದ ಸ್ಕೇಲ್ ಪಟ್ಟಿಯನ್ನು ತೋರಿಸಿ, ಅದನ್ನು ಕತ್ತರಿಸದೆ ಉಳಿಸಿ, ಉದ್ದ ಅಗಲ ಎರಡನ್ನೂ ಒಂದೇ ಪ್ರಮಾಣದಲ್ಲಿ ಹಿಗ್ಗಿಸಿದರು. ಎರಡು ಬದಿ ಖಾಲಿ ಬಿಟ್ಟಿತು. ಬಿಡಲಿ ಬಿಡಿ. ಅದರಿಂದಲೇ ನಮ್ಮ ಮಕ್ಕಳು ದಾರ ಮತ್ತು ಪಟ್ಟಿ ಹಿಡಿದು ಬ್ಯಾರಕ್ಕಿನಿಂದ ಕೆರೆಗೆ ಎಷ್ಟು ದೂರ, ಅಧಿಕಾರಿಯ ಒಂದು ಕಾಂಪೌಂಡಿನಲ್ಲಿ ಎಷ್ಟು ಸಿಪಾಯಿ ಗುಡಿಸಲು ಹಿಡಿಯುತ್ತವೆ ಅಂತ ಅಳೆದು ನೋಡಲು ಸಾಧ್ಯ ಆದದ್ದು.

ಸಿಪಾಯಿ ಲೈನಿನ ವಿಷಯ ಬಂತಲ್ಲ, ಅದನ್ನೂ ಸ್ವಲ್ಪ ಹೇಳಬೇಕು. ಬಿಳಿ ಸೈನಿಕನಿಗೆ ಸರಕಾರ ಬ್ಯಾರಕ್ ಕಟ್ಟಿಸಿಕೊಡುತ್ತಿತ್ತು. ನಮ್ಮ ಸಿಪಾಯಿಗೆ ಗುಡಿಸಲು ಕಟ್ಟಿಕೊಳ್ಳಲು ಭತ್ಯೆ ಅಂತ ಸ್ವಲ್ಪ ದುಡ್ಡು ಕೊಟ್ಟು, ನೀನೇ ಮಣ್ಣು ಹುಲ್ಲು ಹೊಂದಿಸಿಕೋ ಅನ್ನುತ್ತಿತ್ತು. ಮದ್ರಾಸ್ ಸೈನ್ಯದ ಜೊತೆ ಬಂದ ವ್ಯಾಪಾರಿಗಳು, ದರ್ಜಿಗಳು, ಅಡಿಗೆಯವರು ದಂಡಿನ ಬಜಾರಿನ ಸುತ್ತ ನೆಲೆ ನಿಂತರು. ಬೆಂಗಳೂರಿನ ಆ ಭಾಗದಲ್ಲಿ ತಮಿಳು ಮಾತು ಇಂದಿಗೂ ಅಷ್ಟು ಕೇಳಿಸುವುದಕ್ಕೆ ಅದೂ ಒಂದು ಕಾರಣ. 1881ರಲ್ಲಿ ಮೈಸೂರನ್ನು ಒಡೆಯರಿಗೆ ವಾಪಸ್ ಕೊಟ್ಟಾಗಲೂ ದಂಡನ್ನು ಮಾತ್ರ ಕೊಡಲಿಲ್ಲ. ಅದು ಮೈಸೂರಿಗೆ ಸಿಕ್ಕಿದ್ದು 1947ರಲ್ಲಿ.

ಇನ್ನೊಂದು ಹಾಳೆ ಬ್ಯಾರಕ್ಕಿನ ಅಡ್ಡ ಸೀಳು ಚಿತ್ರ, ಅಂದರೆ ಕಟ್ಟಡವನ್ನು ಕತ್ತರಿಸಿ ಒಳಗನ್ನು ತೋರಿಸಿದ ಹಾಗೆ. ಇದು ಕಪ್ಪು ಗೀಟಿನ ಡ್ರಾಯಿಂಗ್, ಮನೆ ಪ್ಲಾನ್ ಹೊಡೆಯುವವರಿಗೆ ಸಲೀಸು. 1857ರ ಬಂಡಾಯದ ನಂತರ ಭಾರತದ ಸೈನ್ಯದಲ್ಲಿ ಬಿಳಿ ಸೈನಿಕರ ಪಾಲು ಹೆಚ್ಚಿಸಿದರು. ಹಳೆ ಬ್ಯಾರಕ್‌ಗಳು ಸಾಲದಾದವು, ಇದ್ದವುಗಳಲ್ಲಿ ಜನ ಕಾಯಿಲೆಯಿಂದಲೇ ಸಾಯುತ್ತಿದ್ದರು. 1859ರಲ್ಲಿ ಒಂದು ರಾಯಲ್ ಕಮಿಷನ್ ಕೂರಿಸಿದರು, 1863ರಲ್ಲಿ ವರದಿ ಬಂತು. ಬ್ರಿಟಿಷ್ ಸೈನಿಕರಲ್ಲಿ ವರ್ಷಕ್ಕೆ ಸಾವಿರಕ್ಕೆ 69 ಜನ ಸಾಯುತ್ತಿದ್ದಾರೆ ಅನ್ನುವುದು ಅದರ ಲೆಕ್ಕ. ಯುದ್ಧದಲ್ಲಿ ಸತ್ತವರು ಅದರಲ್ಲಿ ಕಡಿಮೆ. ಜ್ವರ, ಆಮಶಂಕೆ, ಕಾಲರಾ ಇವೇ ಜಾಸ್ತಿ. ಫ್ಲಾರೆನ್ಸ್ ನೈಟಿಂಗೇಲ್ ಈ ವರದಿಯ ಹಿಂದೆ ಬಿದ್ದು ಕೆಲಸ ಮಾಡಿದವಳು. ಭಾರತಕ್ಕೆ ಒಮ್ಮೆಯೂ ಬರದೆ, ಪ್ರತಿ ಠಾಣೆಯಿಂದ ತರಿಸಿದ ಪ್ರಶ್ನಾವಳಿಗಳನ್ನೇ ಓದಿ, ಕುಡಿಯುವ ನೀರು ಎಲ್ಲಿಂದ, ಕೊಳಚೆ ಎಲ್ಲಿಗೆ, ಒಬ್ಬನಿಗೆ ಮಲಗಲು ಎಷ್ಟು ಜಾಗ ಅಂತ ಪಟ್ಟು ಹಿಡಿದು ಕೇಳಿದಳು. ಅದರ ನಂತರದ ಬ್ಯಾರಕ್ ಡ್ರಾಯಿಂಗ್‌ಗಳಲ್ಲಿ ಆ ಪ್ರಶ್ನೆಗಳ ಉತ್ತರ ಕಾಣುತ್ತದೆ. ನೆಲದಿಂದ ಎತ್ತರಿಸಿದ ಅಡಿಪಾಯ. ಮಲಗುವುದು ಮಹಡಿಯಲ್ಲಿ. ಎರಡೂ ಬದಿ ಅಗಲ ವರಾಂಡ. ಎದುರುಬದುರು ಕಿಟಕಿ. ಬಿಸಿ ಗಾಳಿ ಹೊರಗೆ ಹೋಗಲು ಮಾಡಿನ ನೆತ್ತಿಯಲ್ಲಿ ಸಂದು.

ಈ ಹಾಳೆಯಲ್ಲಿ ಅಂಗಡಿಯವರು ತಾವಾಗಿಯೇ ಒಂದು ಒಳ್ಳೆ ಸಲಹೆ ಕೊಟ್ಟರು. ಅದನ್ನು ಬಣ್ಣದ ದಪ್ಪ ಕಾಗದದಲ್ಲಿ ಹೊಡೆಸಬೇಡಿ, ಮಾಮೂಲಿ ಡ್ರಾಯಿಂಗ್ ಕಾಗದದಲ್ಲೇ ಹೊಡೆಸಿ, ಗೀಟು ಚೂಪಾಗಿ ಬರುತ್ತದೆ, ದುಡ್ಡೂ ಉಳಿಯುತ್ತದೆ ಅಂತ. ಹಾಗೇ ಮಾಡಿದೆ. ಅವರಿಗೆ ಲಾಭ ಕಡಿಮೆ ಆಗುವ ಮಾತನ್ನು ಅವರೇ ಹೇಳಿದ್ದು ನನಗೆ ಬಹಳ ಇಷ್ಟವಾಯಿತು.

ನಮ್ಮ ಊರಿನ ಹಾಳೆ ಅಂಜದೀವ ದ್ವೀಪದ್ದು. ಬಿಣಗಾ ಕಡೆಯ ದಡದಿಂದ ಕಾಣುವ ದ್ವೀಪ, ಈಗ ನೌಕಾನೆಲೆಯ ಒಳಗಿದೆ, ನಮಗೆ ಹೋಗಲು ಬಿಡುವುದಿಲ್ಲ. ಇಂಗ್ಲಿಷ್ ಸೈನಿಕರನ್ನು ಇಳಿಸಲು ಜಾಗ ಆರಿಸುವುದರಲ್ಲಿ ಎಷ್ಟು ದೊಡ್ಡ ಅನಾಹುತ ಆಗಬಹುದು ಅನ್ನುವುದಕ್ಕೆ ಇದಕ್ಕಿಂತ ಹಳೆಯ ಉದಾಹರಣೆ ನಮ್ಮ ಕಡಲತೀರದಲ್ಲಿ ನನಗೆ ಗೊತ್ತಿಲ್ಲ. ಪೋರ್ಚುಗೀಸ್ ರಾಜಕುಮಾರಿಯ ಜೊತೆಗಿನ ಮದುವೆ ಒಪ್ಪಂದದಲ್ಲಿ ಮುಂಬಯಿ ಇಂಗ್ಲೆಂಡಿನ ರಾಜನಿಗೆ ಸಿಕ್ಕಿತ್ತು. ಅದನ್ನು ವಶಕ್ಕೆ ತೆಗೆದುಕೊಳ್ಳಲು 1662ರಲ್ಲಿ ಸರ್ ಅಬ್ರಹಾಂ ಶಿಪ್‌ಮನ್ ಸುಮಾರು 500 ಸೈನಿಕರನ್ನು ಕರೆದುಕೊಂಡು ಬಂದ. ಪೋರ್ಚುಗೀಸರು ಮುಂಬಯಿ ಬಿಟ್ಟುಕೊಡಲು ಒಪ್ಪಲಿಲ್ಲ. ಎಲ್ಲೂ ಇಳಿಯಲು ಜಾಗ ಇಲ್ಲದೆ ಅವರು ಅಂಜದೀವದಲ್ಲಿ ಬೀಡುಬಿಟ್ಟರು. ನಮ್ಮ ಕಡೆಯ ಮಳೆ ಹೇಗೆ ಅಂತ ನಿಮಗೆ ಹೇಳಬೇಕಾಗಿಲ್ಲ. 1664ರಲ್ಲಿ ಶಿಪ್‌ಮನ್ನೇ ಅಲ್ಲಿ ಸತ್ತ. 1665ರಲ್ಲಿ ಅವನ ಜಾಗಕ್ಕೆ ಬಂದ ಹಂಫ್ರಿ ಕುಕ್ ಮುಂಬಯಿಯನ್ನು ವಶಕ್ಕೆ ತೆಗೆದುಕೊಳ್ಳುವ ಹೊತ್ತಿಗೆ ಆ ಪಡೆಯಲ್ಲಿ ಬದುಕಿ ಉಳಿದವರು ನೂರರ ಆಸುಪಾಸು. ಸತ್ತವರಲ್ಲಿ ಹೆಚ್ಚಿನವರನ್ನು ಕೊಂದದ್ದು ಕಾಯಿಲೆ.

ಆ ಹಾಳೆಗೆ ನಾನು ಕೊಟ್ಟದ್ದು ಹಳೆಯ ಸಮುದ್ರ ನಕ್ಷೆಯ ಸ್ಕ್ಯಾನ್. ನೀರಿನ ಆಳ ಹೇಳುವ ಅಂಕಿಗಳು ಎಳ್ಳು ಚೆಲ್ಲಿದ ಹಾಗೆ ದ್ವೀಪದ ಸುತ್ತ ತುಂಬಿವೆ. ಫೈಲ್ ಚಿಕ್ಕದಿತ್ತು. “ಎ0 ಸೈಜಿಗೆ ಇದು ಸಾಲುವುದಿಲ್ಲ ಅಕ್ಕೋರೇ, ಅಂಕಿ ಒಡೆದು ಹೋಗ್ತದೆ, ಎ2 ಮಾಡಿಸಿ” ಅಂತ ಮಾಲೀಕರು ನೇರವಾಗಿ ಹೇಳಿದರು. ನಿಮಗೂ ಉಪಯೋಗ ಆಗಲಿ ಅಂತ ಹೇಳುತ್ತೇನೆ: ಎ0 ಹಾಳೆ ಅಂದರೆ 841 ಮಿಮೀ ಅಗಲ, 1189 ಮಿಮೀ ಉದ್ದ. ಅದು ಹತ್ತಿರದಿಂದ ಓದಲು ಬರಬೇಕಾದರೆ ಕನಿಷ್ಠ 150 ಡಿಪಿಐ (ಒಂದು ಇಂಚಿಗೆ 150 ಚುಕ್ಕಿ) ಬೇಕು, ಅಂದರೆ ಫೈಲು ಹತ್ತಿರ ಹತ್ತಿರ 5000 ಗುಣಿಸು 7000 ಪಿಕ್ಸೆಲ್ ಇರಬೇಕು. ವಾಟ್ಸಾಪಿನಲ್ಲಿ ಫೋಟೋ ಅಂತ ಕಳಿಸಿದರೆ ಅದು ಕುಗ್ಗುತ್ತದೆ. ಪೆನ್‌ಡ್ರೈವಿನಲ್ಲಿ ಒಯ್ಯಿರಿ, ಇಲ್ಲ ಡಾಕ್ಯುಮೆಂಟ್ ಅಂತ ಕಳಿಸಿ.

ಕನ್ನಡ ಬರಹದ ವಿಷಯದಲ್ಲೂ ಒಳ್ಳೆ ಅನುಭವ. ನಮ್ಮ ವಿವರಣೆಗಳಲ್ಲಿ ಅರ್ಧ ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ್ದು, ಅರ್ಧ ಯೂನಿಕೋಡಿನಲ್ಲಿ. ಎಷ್ಟೋ ಕಡೆ ಇಂಥ ಫೈಲ್ ತೆರೆದರೆ ಒತ್ತಕ್ಷರ ಎಲ್ಲ ಚೆಲ್ಲಾಪಿಲ್ಲಿ. ಇವರು ಎಲ್ಲವನ್ನೂ ಯೂನಿಕೋಡಿಗೆ ತಂದು, ಒಂದೇ ಅಕ್ಷರ ಶೈಲಿ ಹಾಕಿ, ಪ್ರಿಂಟಿಗೆ ಮೊದಲು ನನ್ನಿಂದಲೇ ಓದಿಸಿದರು. ‘ಶ್ರೀರಂಗಪಟ್ಟಣ’ದ ಒತ್ತು ಒಂದೂ ಬಿಟ್ಟುಹೋಗಿರಲಿಲ್ಲ.

ಇನ್ನು ಸರಿ ಕಾಣದ್ದು. ಒಂದು, ಕೆಲಸ ಹೇಳಿದ ದಿನಕ್ಕೆ ಆಗಲಿಲ್ಲ. ಪ್ಲಾಟರಿನ ಹಳದಿ ಇಂಕ್ ಮುಗಿದು ಹುಬ್ಬಳ್ಳಿಯಿಂದ ಬರಬೇಕಿತ್ತಂತೆ. ಅದು ಯಾರ ತಪ್ಪೂ ಅಲ್ಲ, ಆದರೆ ಫೋನ್ ಮಾಡಿ ತಿಳಿಸಬೇಕಿತ್ತು. ನಾನು ಶಾಲೆ ಬಿಟ್ಟು ಬಸ್ ಹಿಡಿದು ಹೋಗಿ ಸುಮ್ನೆ ವಾಪಸ್ ಬಂದೆ. ಪ್ರದರ್ಶನದ ತಾರೀಕು ಹತ್ತಿರ ಇದ್ದವರಿಗೆ ಇದು ಸಣ್ಣ ತೊಂದರೆ ಅಲ್ಲ. ಎರಡು, ಲ್ಯಾಮಿನೇಷನ್. ಕೇಳದೇ ಇದ್ದರೆ ಹೊಳೆಯುವ ಗ್ಲಾಸಿಯನ್ನೇ ಹಾಕಿಬಿಡುತ್ತಾರೆ. ಟ್ಯೂಬ್‌ಲೈಟ್ ಕೆಳಗೆ ಅದರಲ್ಲಿ ಬೆಳಕು ಹೊಡೆದು ತೆಳು ಗೀಟು ಒಂದೂ ಕಾಣುವುದಿಲ್ಲ. ಅಷ್ಟು ಕಷ್ಟಪಟ್ಟು ಉಳಿಸಿದ ಕಾಲುದಾರಿ ಅಲ್ಲೇ ಮಾಯ. ಹೊಳಪಿಲ್ಲದ ಮ್ಯಾಟ್ ಬೇಕು ಅಂತ ಮೊದಲೇ ಹೇಳಿ, ಬರೆಸಿ. ಲ್ಯಾಮಿನೇಷನ್ನೇ ಬೇಡ ಅನ್ನುವ ಹಾಗಿಲ್ಲ, ನಮ್ಮ ಕರಾವಳಿಯ ತೇವಕ್ಕೆ ಕಾಗದ ಸುರುಳಿ ಸುತ್ತಿಕೊಳ್ಳುತ್ತದೆ. ಮೂರು, ಮೆಟ್ಟಿಲು ಕಡಿದಾಗಿದೆ, ವಯಸ್ಸಾದವರಿಗೆ ಕಷ್ಟ. ಕೆಳಗೆ ನಿಂತು ಫೋನ್ ಮಾಡಿದರೆ ಹುಡುಗ ಇಳಿದು ಬಂದು ಪೆನ್‌ಡ್ರೈವ್ ತೆಗೆದುಕೊಂಡು ಹೋಗುತ್ತಾನೆ, ಅದೊಂದು ಸಮಾಧಾನ.

ರೇಟ್ ನನಗೆ ನ್ಯಾಯವೇ ಅನ್ನಿಸಿತು. ಎ0 ಬಣ್ಣದ್ದು ಮ್ಯಾಟ್ ಕಾಗದದಲ್ಲಿ 450 ರೂಪಾಯಿ, ಕಪ್ಪು ಬಿಳುಪು ಡ್ರಾಯಿಂಗ್ ಅದರ ಅರ್ಧಕ್ಕಿಂತ ಕಡಿಮೆ. ಲ್ಯಾಮಿನೇಷನ್ ಬೇರೆ. ಬಣ್ಣ ಸರಿ ಮಾಡಿದ ಕೆಲಸಕ್ಕೆ ಪ್ರತ್ಯೇಕ ದುಡ್ಡು ಹಾಕಲಿಲ್ಲ. ಹಾಕಿದ್ದರೂ ಕೊಡುತ್ತಿದ್ದೆ, ಯಾಕೆಂದರೆ ಆ ಹುಡುಗಿ ಅದಕ್ಕೆ ಕೊಟ್ಟ ಹೊತ್ತು ಕಡಿಮೆ ಅಲ್ಲ. ಶಾಲೆಗೆ ಬಿಲ್ ಬೇಕು ಅಂದಾಗ ಸರಿಯಾದ ಬಿಲ್ ಕೊಟ್ಟರು.

ಪ್ರದರ್ಶನದಲ್ಲಿ ಏನಾಯಿತು ಅಂತಲೂ ಹೇಳುತ್ತೇನೆ, ಪ್ರಿಂಟ್ ಹೇಗಿದೆ ಅಂತ ಗೊತ್ತಾಗುವುದು ಅಲ್ಲೇ ಅಲ್ವಾ. ಜನ ಮೊದಲು ದೂರದಿಂದ ಕೆಂಪು ಬ್ಯಾರಕ್ ನೋಡಿ ಬರುತ್ತಾರೆ, ಹತ್ತಿರ ಬಂದ ಮೇಲೆ ಅಡಿಗಿನ ಹೆಸರುಗಳನ್ನು ಓದಲು ಶುರು ಮಾಡುತ್ತಾರೆ. ಬೆರಳಿಟ್ಟು ಕಾಲುದಾರಿ ಹಿಡಿದು ಹೋಗುತ್ತಾರೆ, ಅದು ಪರೇಡ್ ಮೈದಾನದ ಅಂಚಿಗೆ ಬಂದು ನಿಂತುಬಿಡುತ್ತದೆ. ಒಬ್ಬ ಹಿರಿಯರು, ಸೀಬರ್ಡಿಗೆ ಜಾಗ ಕೊಟ್ಟ ಮನೆಯವರು, ಬಹಳ ಹೊತ್ತು ನಿಂತು ನೋಡಿದರು. ಪರಿಹಾರದ ಕೇಸು ವರ್ಷಗಟ್ಟಲೆ ಕೋರ್ಟಿನಲ್ಲಿ ಎಳೆದದ್ದು ಇಲ್ಲಿ ಎಲ್ಲರಿಗೂ ಗೊತ್ತು. “ಅಕ್ಕೋರೇ, ನಮ್ಮೂರಿನದೂ ಹೀಗೆ ಹಳೆ ನಕ್ಷೆ ಸಿಗ್ತದಾ? ಗದ್ದೆ ಇದ್ದ ಹಾಗೆ?” ಅಂತ ಕೇಳಿದರು. ಹಳೆ ಗ್ರಾಮ ನಕ್ಷೆಗೆ ಭೂಮಾಪನ ಇಲಾಖೆಯಲ್ಲಿ ಅರ್ಜಿ ಹಾಕಬಹುದು ಅಂತ ಹೇಳಿ, ಪ್ರಿಂಟಿಗೆ ಈ ಅಂಗಡಿಯ ದಾರಿ ತೋರಿಸಿದೆ.

ಮುಂದಿನ ವರ್ಷಕ್ಕೆ ಬೆಳಗಾವಿ ದಂಡಿನ ನಕ್ಷೆ ಮಾಡುವುದಿದೆ. 1818ರಲ್ಲಿ ಕೋಟೆ ಬ್ರಿಟಿಷರ ಕೈಗೆ ಹೋಯಿತು, ಆಮೇಲೆ ದಂಡು ಊರಿನ ಆಚೆ ಬದಿಗೆ ಬೆಳೆಯಿತು. ಕೋಟೆ ಒಂದು ಕಡೆ, ಊರು ನಡುವೆ, ದಂಡು ಇನ್ನೊಂದು ಕಡೆ. ಅದು ಇದಕ್ಕಿಂತ ಮಾಸಿದ ಸ್ಕ್ಯಾನ್, ಕೋಟೆಯ ಕಂದಕದ ಗೆರೆ ಬಹಳ ತೆಳು. ಅದನ್ನೂ ಇವರಿಗೇ ಕೊಡುತ್ತೇನೆ. ನೀವು ಹೋಗುವುದಾದರೆ ಮಧ್ಯಾಹ್ನ ಊಟದ ಹೊತ್ತು ಬಿಟ್ಟು ಹೋಗಿ, ಇಂಕ್ ಇದೆಯಾ ಅಂತ ಮೊದಲೇ ಕೇಳಿಕೊಳ್ಳಿ, ನಕ್ಷೆಯಲ್ಲಿ ನಿಮಗೆ ಯಾವುದು ಉಳಿಯಲೇಬೇಕು ಅಂತ ಬೆರಳಿಟ್ಟು ತೋರಿಸಿ. ಮ್ಯಾಟ್ ಅಂತ ಹೇಳಲು ಮರೆಯಬೇಡಿ.